ಭೀಮಾ-ಕೃಷ್ಣೆಯರ ನಡುವಣ ನೆಲದ ಚರಿತ್ರೆ



ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುವ ಈ ಸ್ಮರಣಗ್ರಂಥದಲ್ಲಿ ಗುರುಪರಂಪರೆಯನ್ನೂ, ಶಿಷ್ಯವರ್ಗದ ಸೇವೆಯನ್ನೂ, ಪಾಠಶಾಲೆಯ ಬೆಳವಣಿಗೆಯನ್ನೂ ಕುರಿತು ನನಗಿಂತ ಬಲ್ಲವರು ಬರೆದಿರುವರು. ನನ್ನ ಪಾಲಿಗೆ ಬಂದುದು ಸ್ಥಳಚರಿತ್ರೆ. ಸ್ಥಳಚರಿತ್ರೆಯೆಂದರೆ ಅರಸರ ವಂಶಾವಳಿಯನ್ನೂ ಶಾಸನಗಳ ತಿಥಿ-ವಾರಗಳನ್ನೂ ಹೇಳಿ ಮುಗಿಸುವದು ನಮ್ಮಲ್ಲಿಯ ವಾಡಿಕೆ. ಆದರೆ ಚಾಲುಕ್ಯರು, ಕಲಚುರಿಗಳು, ಯಾದವರು, ಆದಿಲಶಾಹಿಗಳು, ಪೇಶವೆಗಳು, ಇಂಗ್ರೇಜರು ಎಲ್ಲರೂ ಬಂದು ಹೋದ ಮೇಲೆ ಇಲ್ಲಿ ಉಳಿದುದು ಯಾವದೆಂದು ವಿಚಾರಿಸಿದರೆ, ಕಾಲ ಕೆಳಗಿನ ನೆಲವೂ ಅದನ್ನು ನಂಬಿದ ಒಕ್ಕಲುತನವೂ ಮಾತ್ರವೇ. ಆದಕಾರಣ ಇಂಡಿ, ಸಿಂದಗಿ, ಬಸವನಬಾಗೇವಾಡಿ, ಮುದ್ದೇಬಿಹಾಳ ಈ ನಾಲ್ಕು ತಾಲೂಕುಗಳ ನೆಲದ ಚರಿತ್ರೆಯನ್ನೇ ಯಥಾಮತಿ ಬರೆಯಲು ಹೊರಟಿರುವೆನು. ಈಚೆಗೆ ಚಡಚಣ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದವು ಪ್ರತ್ಯೇಕ ತಾಲೂಕುಗಳಾಗಿರುವದು ವಾಚಕರಿಗೆ ಗೊತ್ತಿದೆ. ಈ ಲೇಖದಲ್ಲಿ ಹಳೆಯ ಎಲ್ಲೆಗಳನ್ನೇ ಹಿಡಿಯಲಾಗಿದೆ.

ನಮ್ಮ ಭಾಗವು ಸುಣ್ಣಗಲ್ಲಿನ ನಾಡೆಂದು ಹೇಳುವವರುಂಟು. ಇದು ಅರ್ಧ ಮಾತ್ರ ನಿಜ. ಶ್ರೀಮಠದ ಕಟ್ಟಡವನ್ನೇ ಲಕ್ಷ್ಯಗೊಟ್ಟು ನೋಡಿದರೆ ಉಳಿದರ್ಧವು ತಿಳಿಯುವದು. ನಾವು ನಿತ್ಯ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ಪಡಸಾಲೆಯ ಫರಸಿಯು ತಾಳಿಕೋಟೆಯ ಕಡೆಯಿಂದ ಬಂಡಿಗಳಲ್ಲಿ ಬಂದ ಬೂದುಬಣ್ಣದ ಸುಣ್ಣಗಲ್ಲು. ಗೋಡೆಗಳ ಪಾಯವೂ ಬಾವಿಯ ಕಟ್ಟೆಯೂ ಊರ ಮಗ್ಗುಲಿನ ಮಡ್ಡಿಯಿಂದ ಒಡೆದು ತಂದ ಕರಿಕಲ್ಲು. ಆ ಎರಡನ್ನೂ ಬೆಸೆದ ಗಾರೆಯ ಸುಣ್ಣವಾದರೋ ತಾಳಿಕೋಟೆಯದೂ ಅಲ್ಲ, ಮಡ್ಡಿಯದೂ ಅಲ್ಲ. ಹೊಲದ ಎರೆಮಣ್ಣಿನಲ್ಲಿ ಹೆಕ್ಕಿ ಸುಟ್ಟ ಸುಣ್ಣದ ಹರಳುಗಳದು. ಮೂರು ಬಗೆಯ ಶಿಲೆ, ಮೂರು ಕಾಲದ ಚರಿತ್ರೆ ಒಂದೇ ಸೂರಿನಡಿಯಲ್ಲಿ ಕೂಡಿವೆ.

ದಕ್ಷಿಣದ ಕೃಷ್ಣೆಯಿಂದ ಹೊರಟು ಉತ್ತರದ ಭೀಮೆಯ ವರೆಗೆ ನಡೆದು ಹೋಗುವವನು ಭೂಮಿಯ ಹಳೆಯ ಪುಟದಿಂದ ಹೊಸ ಪುಟದ ಕಡೆಗೆ ಬರುವನು. ಮುದ್ದೇಬಿಹಾಳ ತಾಲೂಕಿನ ಕೆಳಭಾಗದಲ್ಲಿ, ನಾರಾಯಣಪುರದ ಕಡೆಗೆ, ಕೃಷ್ಣೆಯು ಕೊರೆದು ಹರಿಯುವ ಕಣಶಿಲೆಯು ಇನ್ನೂರೈವತ್ತು ಕೋಟಿ ವರ್ಷಗಳ ಆಚೆ-ಈಚೆಯದೆಂದು ಭೂಶಾಸ್ತ್ರಜ್ಞರು ಹೇಳುವರು. ಅದರ ಬೆನ್ನ ಮೇಲೆ ಒಂದಾನೊಂದು ಕಾಲದಲ್ಲಿ ಆಳವಿಲ್ಲದ ಸಮುದ್ರವು ಹರಡಿತ್ತು. ಆ ಸಮುದ್ರದ ತಳದಲ್ಲಿ ಮರಳೂ ಕೆಸರೂ ಸುಣ್ಣವೂ ಪದರು ಪದರಾಗಿ ಕುಳಿತು ಗಟ್ಟಿಯಾಗಿ, ಇಂದು ತಾಳಿಕೋಟೆಯಿಂದ ಶಹಾಬಾದ, ಸೇಡಂಗಳ ವರೆಗೆ ಕಾಣುವ ಹಾಸುಗಲ್ಲಾಯಿತು. ಇದನ್ನು ನಮ್ಮ ಭೀಮೆಯ ಹೆಸರಿನಿಂದಲೇ ಶಾಸ್ತ್ರಜ್ಞರು ಭೀಮಾ ಶ್ರೇಣಿಯೆಂದು ಕರೆಯುವರು. ರಾಬರ್ಟ ಬ್ರೂಸ ಫೂಟ ಎಂಬ ಆಂಗ್ಲ ವಿದ್ವಾಂಸನು ಈ ಸೀಮೆಯನ್ನೆಲ್ಲ ಸುತ್ತಿ, ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ತನ್ನ ದೊಡ್ಡ ವರದಿಯನ್ನು ೧೮೭೬ನೆಯ ಇಸವಿಯಲ್ಲಿ ಪ್ರಕಟಿಸಿದನು. ಈ ಕಲ್ಲಿನಲ್ಲಿ ಶಂಖವಾಗಲಿ ಸಿಂಪಿಯಾಗಲಿ ಸಿಕ್ಕುವದಿಲ್ಲ. ಏಕೆಂದರೆ ಇದು ಚಿಪ್ಪುಳ್ಳ ಜೀವಿಗಳು ಇನ್ನೂ ಹುಟ್ಟದ ಕಾಲದ್ದು. ಐವತ್ತು ಕೋಟಿ ವರ್ಷಗಳಿಗಿಂತಲೂ ಹಿಂದಿನದು. ಬೂದು, ನೀಲಿ, ಕೆನೆ, ನಸುಗೆಂಪು ಬಣ್ಣಗಳಲ್ಲಿ ದೊರೆಯುವ ಇದು ಉಳಿಯ ಒಂದೇಟಿಗೆ ಹಲಗೆಯಂತೆ ಬಿಚ್ಚಿಕೊಳ್ಳುವದರಿಂದ ನಮ್ಮ ನಾಡಿನ ಮನೆಮನೆಗೂ ನೆಲವಾಗಿದೆ.

ತಾಳಿಕೋಟೆಯನ್ನು ದಾಟಿ ಉತ್ತರ-ಪಶ್ಚಿಮಕ್ಕೆ ಹೋದಂತೆ ಸುಣ್ಣಗಲ್ಲು ಮರೆಯಾಗುವದು. ಅದು ತೀರಿಲ್ಲ, ಮುಚ್ಚಿಹೋಗಿದೆ. ಸುಮಾರು ಆರು ಕೋಟಿ ಅರವತ್ತು ಲಕ್ಷ ವರ್ಷಗಳ ಹಿಂದೆ ಭೂಮಿಯು ಬಿರಿದು ಕಾದ ಕಲ್ಲಿನ ರಸವು ಉಕ್ಕಿ, ಇಂದಿನ ಮಹಾರಾಷ್ಟ್ರದ ಬಹುಭಾಗವನ್ನೂ ನಮ್ಮ ಈ ಅಂಚನ್ನೂ ಹೊದಿಸಿಬಿಟ್ಟಿತು. ಒಂದು ಪದರು ಆರಿದ ಮೇಲೆ ಮತ್ತೊಂದು, ಅದು ಆರಿದ ಮೇಲೆ ಇನ್ನೊಂದು. ಎರಡು ಪದರುಗಳ ನಡುವೆ ಅಲ್ಲಲ್ಲಿ ಸುಟ್ಟ ಇಟ್ಟಿಗೆಯಂಥ ಕೆಮ್ಮಣ್ಣು ಸಿಕ್ಕುವದನ್ನು ಬಾವಿ ತೋಡುವವರು ಬಲ್ಲರು. ಬಾಗೇವಾಡಿಯ ಬಹುಭಾಗ, ಸಿಂದಗಿ, ಇಂಡಿ ತಾಲೂಕುಗಳು ಈ ಕರಿಕಲ್ಲಿನ ಮೇಲಿವೆ. ನಾಲ್ಕು ತಾಲೂಕುಗಳಲ್ಲಿ ಸುಣ್ಣಗಲ್ಲನ್ನು ಕಣ್ಣಾರೆ ಕಾಣಬೇಕಾದರೆ ತಾಳಿಕೋಟೆ-ಮುದ್ದೇಬಿಹಾಳದ ಮಗ್ಗುಲಿಗೇ ಹೋಗತಕ್ಕದ್ದು.

ಹಾಗಾದರೆ ಇಂಡಿಯ ರೈತನ ಹೊಲದಲ್ಲಿ ಸುಣ್ಣವೆಲ್ಲಿಂದ ಬಂತು? ಕರಿಕಲ್ಲಿನೊಳಗೇ ಸುಣ್ಣದ ಅಂಶವು ಅಡಗಿದೆ. ಆ ಕಲ್ಲು ಗಾಳಿ ಮಳೆಗಳಿಗೆ ಕರಗಿ ಎರೆಮಣ್ಣಾಗುವಾಗ ಸುಣ್ಣವು ಬಿಡುಗಡೆ ಹೊಂದುವದು. ಮಳೆ ಬಹಳವುಳ್ಳ ಮಲೆನಾಡಿನಲ್ಲಾದರೆ ಅದು ತೊಳೆದು ಹೊಳೆಗೆ ಹೋಗುತ್ತಿತ್ತು. ನಮ್ಮಲ್ಲಿ ವರ್ಷಕ್ಕೆ ಬೀಳುವದು ಸರಾಸರಿ ಅರುವತ್ತು ಸೆಂಟಿಮೀಟರಿನ ಆಜುಬಾಜು. ಇಷ್ಟು ನೀರು ಸುಣ್ಣವನ್ನು ಕರಗಿಸಿ ಎರಡು ಮೂರು ಮೊಳ ಕೆಳಗಿಳಿಸಲು ಸಾಕಾಗುವದು, ಹೊರಗೆ ಸಾಗಿಸಲು ಸಾಲದು. ಬೇಸಿಗೆಯಲ್ಲಿ ಆ ನೀರು ಆರಿದೊಡನೆ ಸುಣ್ಣವು ಹರಳುಗಟ್ಟಿ ಅಲ್ಲಿಯೇ ನಿಲ್ಲುವದು. ಇದೇ ನಮ್ಮವರು ಆರಿಸಿ ಸುಟ್ಟ ಸುಣ್ಣದ ಹರಳು. ಹೀಗೆ ಎರೆಯ ಕೆಳಗಿನ ಬಿಳಿಯ ಹರಳು ನಮ್ಮ ಮಳೆಯು ಬರೆದಿಟ್ಟ ಲೆಕ್ಕಪತ್ರವೇ ಸರಿ: ನೀರು ಎಷ್ಟು ಆಳಕ್ಕೆ ಇಳಿಯಿತು, ಎಲ್ಲಿ ನಿಂತಿತು, ಎಲ್ಲಿಂದ ಮರಳಿ ಹೋಯಿತು ಎಂಬುದು ಅದರಲ್ಲಿದೆ. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುವೆನು. ಲೇಖದ ಕೊನೆಯಲ್ಲಿ ಇದರ ಕೆಲಸ ಬೀಳುವದು.

ಮಳೆಯ ರೀತಿಯನ್ನೂ ಇಲ್ಲಿಯೇ ಹೇಳುವೆನು. ಪಡುವಣ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯಲ್ಲಿಯೇ ತಮ್ಮ ಭಾರವನ್ನು ಇಳುಹಿ, ನಮ್ಮಲ್ಲಿಗೆ ಬರಿದಾಗಿ ಬರುವವು. ಆದುದರಿಂದ ಮೃಗಶಿರ-ಆರಿದ್ರೆಗಳ ಮಳೆಯನ್ನು ನೆಚ್ಚುವಂತಿಲ್ಲ. ನಮ್ಮ ಮುಖ್ಯ ಮಳೆ ಭಾದ್ರಪದ-ಆಶ್ವೀಜಗಳಲ್ಲಿ, ಉತ್ತರಿ-ಹಸ್ತಗಳಲ್ಲಿ. ಬೇರೆ ನಾಡಿನವರು ಪೈರು ಕೊಯ್ಯಲು ಸಿದ್ಧವಾಗುವ ಹೊತ್ತಿಗೆ ನಮ್ಮವರು ಬಿಳಿಜೋಳಕ್ಕೆ ಕೂರಿಗೆ ಹೂಡುವರು. ಬಿತ್ತಿದ ಮೇಲೆ ಮಳೆಯಿಲ್ಲ. ಮಾಘ-ಫಾಲ್ಗುಣದ ವರೆಗೆ ಪೈರು ಬದುಕುವದು ನೆಲದೊಳಗಿನ ಹಸಿಯಿಂದಲೇ. ಎರಡು ಮೊಳ ಆಳದ ಒಳ್ಳೆಯ ಎರೆಯು ಸುಮಾರು ಒಂದು ಗೇಣು ನೀರನ್ನು ಪೈರಿಗಾಗಿ ಹಿಡಿದಿಟ್ಟುಕೊಳ್ಳಬಲ್ಲದು. ಬೇಸಿಗೆಯಲ್ಲಿ ಎರೆಯು ಬಿರುಕು ಬಿಡುವದನ್ನು ಕಂಡು ಪರಸ್ಥಳದವರು ಮರುಗುವರು. ಮೊದಲ ಮಳೆಯು ಆ ಬಿರುಕಿನಲ್ಲಿಯೇ ಆಳಕ್ಕೆ ಇಳಿಯುವದೆಂಬುದನ್ನು ಅವರು ಅರಿಯರು. ಆದರೆ ಪೈರು ನಿಂತಾಗ ಬಿರುಕು ಬಿಟ್ಟರೆ ಅದೇ ಬಾಯಿಂದ ಹಸಿಯು ಆರಿಹೋಗುವದು. ಅದಕ್ಕಾಗಿಯೇ ನಮ್ಮ ಒಕ್ಕಲಿಗರು ಎಡೆಗುಂಟೆಯನ್ನು ಮೇಲಿಂದ ಮೇಲೆ ಹೊಡೆದು ಬಿರುಕಿನ ಬಾಯಿ ಮುಚ್ಚುತ್ತಿದ್ದರು. ವಿಜಾಪುರದಲ್ಲಿ ೧೯೩೩ರಲ್ಲಿ ಒಣಬೇಸಾಯದ ಸಂಶೋಧನೆ ಪ್ರಾರಂಭವಾಗಿ, ಒಡ್ಡು ಹಾಕುವದು, ಅಂತರ ಬಿಟ್ಟು ಬಿತ್ತುವದು, ಎಡೆ ಹೊಡೆಯುವದು ಇವೇ ಈ ಸೀಮೆಗೆ ತಕ್ಕವೆಂದು ಗೊತ್ತುಪಡಿಸಿದಾಗ, ಅಜ್ಜಂದಿರ ಕುಂಟೆಗೆ ಶಾಸ್ತ್ರದ ಮುದ್ರೆ ಬಿದ್ದಂತಾಯಿತು.

ಇಂಥ ನೆಲದಲ್ಲಿ ಬೆಳೆದ ವಿದ್ಯೆಯೂ ಧರ್ಮವೂ ನೆಲವನ್ನು ಮರೆತಿರಲಿಲ್ಲ. ಇಂಡಿಗೆ ಸಮೀಪದ ಸಾಲೋಟಗಿಯಲ್ಲಿ ಶಕ ೮೬೭, ಅಂದರೆ ಕ್ರಿ.ಶ. ೯೪೫ರಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಳಿಕೆಯಲ್ಲಿ ಅವನ ಮಂತ್ರಿ ನಾರಾಯಣನು ಒಂದು ಶಾಲೆಯನ್ನು ಕಟ್ಟಿಸಿದ ಸಂಗತಿಯು ಅಲ್ಲಿಯ ಕಂಬದ ಶಾಸನದಲ್ಲಿದೆ. ಆಗ ಆ ಊರಿಗೆ ಪವಿಟ್ಟಗೆಯೆಂದು ಹೆಸರು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. ಆ ಶಾಲೆಯ ಖರ್ಚಿಗೆ ಕೊಟ್ಟುದು ಹೊನ್ನಲ್ಲ, ಹೊಲ. ಬರಿಯ ದೀಪಕ್ಕೆಂದೇ ೧೨ ನಿವರ್ತನ ಭೂಮಿ. ಎಣ್ಣೆಯು ಹೊಲದಿಂದಲೇ ಬರಬೇಕಷ್ಟೆ! ಕುಸುಬಿ-ಎಳ್ಳುಗಳ ನಾಡಿನಲ್ಲಿ ಇದು ಯುಕ್ತವಾದ ದಾನವು. ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಆ ಕಂಬವನ್ನು ನೋಡಿ ಬರಬೇಕೆಂಬದು ನನ್ನ ಬಹು ದಿನದ ಆಶೆ.

ಹನ್ನೆರಡನೆಯ ಶತಮಾನದ ಶರಣರು ಇದೇ ನೆಲದವರು. ಅಣ್ಣ ಬಸವಣ್ಣನವರು ಬಾಗೇವಾಡಿಯ ಕರಿನೆಲದಲ್ಲಿ ಅವತರಿಸಿ, ವಿದ್ಯೆಗಾಗಿ ಕೃಷ್ಣಾ-ಮಲಪ್ರಭೆಯರು ಕೂಡುವ ಸಂಗಮಕ್ಕೆ ನಡೆದರು. ನೀಲಾಂಬಿಕೆಯ ಐಕ್ಯಸ್ಥಳವಾದ ತಂಗಡಗಿಯು ಮುದ್ದೇಬಿಹಾಳ ತಾಲೂಕಿನ ಕೃಷ್ಣಾತೀರದಲ್ಲಿದೆ. ಇಂಡಿಯ ಎಲ್ಲೆಯಿಂದ ಭೀಮೆಯನ್ನು ದಾಟಿದರೆ ಸೊನ್ನಲಿಗೆ. ಅಲ್ಲಿ ಸಿದ್ಧರಾಮಯ್ಯನವರು ಕೆರೆಯನ್ನು ಕಟ್ಟಿಸಿದರು. ಅಲ್ಲಮಪ್ರಭುಗಳು ಆ ಕೆಲಸದ ನಡುವೆ ಬಂದು ಸಿದ್ಧರಾಮರನ್ನು ಒಡ್ಡನೆಂದು ಕರೆದ ಪ್ರಸಂಗವು ಶೂನ್ಯಸಂಪಾದನೆಯನ್ನು ಬಲ್ಲವರಿಗೆಲ್ಲ ಗೊತ್ತು. ಇದನ್ನೋದಿ ಕೆಲವರು ಕೆರೆ ಕಟ್ಟುವದು ಕೀಳು ಕೆಲಸವೆಂದು ಪ್ರಭುಗಳು ಹೇಳಿದರೆಂದು ತಿಳಿಯುವರು. ನನ್ನ ಅಭಿಪ್ರಾಯವು ಬೇರೆ. ಕಟ್ಟಿಸಿದೆನೆಂಬ ಅಹಂಭಾವವನ್ನು ಪ್ರಭುಗಳು ತಿದ್ದಿದರು. ಕೆರೆಯನ್ನು ಯಾರೂ ಒಡೆಯಲಿಲ್ಲ. ಅದು ಇಂದಿಗೂ ಸೋಲಾಪುರದಲ್ಲಿದೆ.

ಕೆರೆ-ಬಾವಿಗಳಿದ್ದರೂ ಬರಗಾಲವು ನಮ್ಮ ನಾಡನ್ನು ಬಿಡಲಿಲ್ಲ. ೧೩೯೬ರಿಂದ ಹನ್ನೆರಡು ವರ್ಷ ನಡೆಯಿತೆನ್ನುವ ದುರ್ಗಾದೇವಿಯ ಬರದ ನೆನಪು ಜನರ ಬಾಯಲ್ಲಿ ಬಹುಕಾಲ ಉಳಿದಿತ್ತು. ೧೭೯೧-೯೨ರ ಬರಕ್ಕೆ ಡೋಗಿ ಬರವೆಂದು ಹೆಸರು. ಹೂಳುವವರಿಲ್ಲದೆ ತಲೆಬುರುಡೆಗಳು ನೆಲದ ತುಂಬ ಬಿದ್ದುವೆಂದು ಆ ಹೆಸರು ಬಂತು. ಫೂಟನ ವರದಿಯು ಹೊರಟ ೧೮೭೬ರಲ್ಲಿಯೇ ಹಿಂಗಾರಿಯು ಪೂರಾ ಕೈಕೊಟ್ಟು ೧೮೭೮ರ ವರೆಗೆ ನಡೆದ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ನಮ್ಮ ಜಿಲ್ಲೆಯು ಅತ್ಯಂತ ನೊಂದಿತು. ೧೮೭೨ರ ಖಾನೇಶುಮಾರಿಗೂ ೧೮೮೧ರ ಖಾನೇಶುಮಾರಿಗೂ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಐದರಲ್ಲೊಂದು ಪಾಲು ಇಳಿಯಿತು. ಸತ್ತವರೆಷ್ಟೋ, ಊರು ಬಿಟ್ಟು ಹೋದವರೆಷ್ಟೋ. ಕಲ್ಲಿನ ಕೋಟ್ಯವಧಿ ವರ್ಷಗಳನ್ನು ಬರೆಯುವಾಗ ನಡುಗದ ಕೈ ಈ ಐದನೆಯ ಪಾಲನ್ನು ಬರೆಯುವಾಗ ನಡುಗುವದು.

ಡೋಣಿ ಹೊಳೆಯ ಸಂಗತಿ ಈ ಮಾತಿಗೆ ಸೇರಿದ್ದು. ಜತ್ತಿನ ಕಡೆ ಹುಟ್ಟಿ, ಜಿಲ್ಲೆಯ ನಡುವೆ ಹರಿದು, ತಾಳಿಕೋಟೆಯನ್ನು ಹಾಯ್ದು ಕೃಷ್ಣೆಯನ್ನು ಸೇರುವ ಈ ಹೊಳೆಯ ಇಕ್ಕೆಲದ ಎರೆಯು ಜೋಳದ ಕಣಜ. ಡೋಣಿ ಬೆಳೆದರೆ ಉಣ್ಣುವವರಾರು, ಡೋಣಿ ಬೆಳೆಯದಿದ್ದರೆ ಉಣ್ಣುವವರಾರು ಎಂಬದು ಹಿಂದಿನವರ ಮಾತು. ಬೆಳೆದರೆ ಉಂಡು ತೀರದು, ಬೆಳೆಯದಿದ್ದರೆ ಉಣ್ಣಲಿಕ್ಕಿಲ್ಲ. ಅಂಥ ಹೊಳೆಯ ನೀರೇ ಸವುಳು! ದಂಡೆಯ ಮೇಲೆ ನಿಂತ ರೈತನು ಕುಡಿಯುವ ನೀರಿಗೆ ಬೇರೆ ಕಡೆ ಹೋಗಬೇಕು. ಎರೆಯೊಳಗಿಂದ ಬಸಿದು ಬರುವ ನೀರು ಉಪ್ಪನ್ನು ಹೊತ್ತು ತರುವದೇ ಇದರ ಕಾರಣ. ಡೋಣಿಯು ಹರಿದು ಹೋಗುವದರಿಂದ ಆ ಉಪ್ಪು ಹೊಲದಿಂದ ಹೊರಗೆ ಹೋಗುವದೆಂಬುದನ್ನು ಮಾತ್ರ ನಾವು ಗಮನಿಸಿರಲಿಲ್ಲ.

ಬೆಳೆದ ವರ್ಷದ ಜೋಳವನ್ನು ಬೆಳೆಯದ ವರ್ಷಕ್ಕೆ ಸಾಗಿಸುವ ಉಪಾಯವೇ ಹಗೆ. ಇಂದಿನ ಹುಡುಗರು ಹಗೆಯನ್ನು ಕಂಡಿಲ್ಲವಾದ್ದರಿಂದ ತುಸು ವಿಸ್ತರಿಸಿ ಹೇಳುವೆನು. ಎರೆಯಲ್ಲಿ ಹಗೆ ತೋಡಲು ಬಾರದು. ಕಾಳು ತಂಪು ಹಿಡಿಯುವದು. ಊರ ಗಾವಠಾಣದ ಗರಸಿನ ದಿಬ್ಬದಲ್ಲಿ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ ಬಿಟ್ಟು, ಕೆಳಗೆ ಗಡಿಗೆಯ ಹೊಟ್ಟೆಯಂತೆ ಅಗಲವಾಗಿ ತೋಡುವರು. ತಳಕ್ಕೂ ಮಗ್ಗುಲಿಗೂ ಜೋಳದ ದಂಟು ಹಾಸಿ, ಚೆನ್ನಾಗಿ ಒಣಗಿದ ಕಾಳು ಸುರುವಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುವರು. ಒಳಗೆ ಗಾಳಿಯಾಡದ ಕಾರಣ ಹುಳ ಹುಟ್ಟದು. ತೆಗೆಯುವ ದಿನ ಬಾಯಿ ಬಿಚ್ಚಿದೊಡನೆ ಯಾರೂ ಇಳಿಯಬಾರದು. ಹಗೆಯ ಕಾವು ಮನುಷ್ಯನನ್ನು ಕೊಲ್ಲುವದು. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವರು. ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ ಶ್ರೀಮಠದ ಹಗೆಯನ್ನು ತೆರೆದುದನ್ನು ಕಂಡಿದ್ದೇನೆ. ದೀಪವು ಎರಡು ಸಾರೆ ಆರಿತು, ಮೂರನೆಯ ಸಾರೆ ನಿಂತಿತು. ಆ ಮೇಲೆ ಬಂದ ಜೋಳದ ವಾಸನೆಯನ್ನು ಮರೆತಿಲ್ಲ. ೧೯೭೨ರ ಬರದಲ್ಲಿ ಅದೇ ಹಗೆಯ ಜೋಳದಿಂದ ದಾಸೋಹವು ನಿಲ್ಲದೆ ನಡೆಯಿತೆಂದು ಲಿಂಗೈಕ್ಯ ಗುರುಗಳು ಹೇಳುತ್ತಿದ್ದರು. ದಾಸೋಹವೆಂಬುದು ಉಳ್ಳ ದಿನ ಬಡಿಸುವದಷ್ಟೇ ಅಲ್ಲ, ಇಲ್ಲದ ದಿನಕ್ಕೆ ಮುಚ್ಚಿಡುವದೂ ಹೌದೆಂಬುದು ಅವರ ತಾತ್ಪರ್ಯವಾಗಿತ್ತು.

ಗಿಡ-ಮೃಗಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಮಡ್ಡಿಯಲ್ಲಿ ಕರಡ ಹುಲ್ಲು, ತಂಗಡಿ, ಬಾರಿಗಿಡ. ಎರೆಯ ಒಡ್ಡುಗಳ ಮೇಲೆ ಬನ್ನಿ, ಕರಿಜಾಲಿ, ಬೇವು. ದಟ್ಟಡವಿ ಇಲ್ಲಿಲ್ಲ. ಬಯಲಿನ ಮೃಗವಾದ ಚಿಗರಿಯೂ, ಅದರ ಬೆನ್ನು ಹತ್ತುವ ತೋಳವೂ ಇಲ್ಲಿಯವು. ಬಳ್ಳಾರಿಜಾಲಿಯು ಪರದೇಶದಿಂದ ಬಂದು ಹಳ್ಳದ ದಂಡೆಗಳನ್ನು ಆಕ್ರಮಿಸಿದೆ. ಇಂಡಿಯ ಲಿಂಬೆಯು ಭೌಗೋಳಿಕ ಸೂಚಿಕೆಯ ಮಾನ ಪಡೆದಿದೆ. ಆಲಮಟ್ಟಿಯ ಹಿನ್ನೀರು ನಿಂತ ಮೇಲೆ ಹಿಮಾಲಯದಾಚೆಯ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲಕ್ಕೆ ಬಂದಿಳಿಯುತ್ತಿರುವದು ನಮ್ಮ ಹಿರಿಯರು ಕಾಣದ ನೋಟ.

ಆಲಮಟ್ಟಿಯ ಮಾತು ಬಂತು. ೧೯೬೪ನೆಯ ಇಸವಿ ಮೇ ೨೨ರಂದು ಶ್ರೀ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಅಣೆಕಟ್ಟಿನಲ್ಲಿ ಇಂದು ೫೧೯.೬ ಮೀಟರಿನ ವರೆಗೆ ನೀರು ನಿಲ್ಲುತ್ತಿದೆ. ಹಳೆಯ ಕೊಲ್ಹಾರವು ನೀರಿನಡಿ ಹೋಯಿತು. ಅದರ ಗಡಿಗೆಯ ಮೊಸರು ಹೊಸ ಕೊಲ್ಹಾರಕ್ಕೆ ನಡೆದು ಬಂದಿದೆ. ಮನೆ, ಹೊಲ, ಗದ್ದುಗೆಗಳನ್ನು ಬಿಟ್ಟುಬಂದವರ ತ್ಯಾಗವನ್ನು ಕಾಲುವೆಯ ನೀರು ಕಾಣುವ ನಾವು ಮರೆಯಲಾಗದು. ನಾರಾಯಣಪುರದ ಎಡದಂಡೆಯಿಂದ ಇಂಡಿಯ ಶಾಖಾಕಾಲುವೆ, ಆಲಮಟ್ಟಿಯ ಹಿನ್ನೀರಿನಿಂದ ಮುಳವಾಡದ ಏತನೀರಾವರಿ, ಕೆರೆಗಳನ್ನು ತುಂಬಿಸುವ ಯೋಜನೆ ಇವುಗಳಿಂದ ಡೋಗಿ ಬರದ ನಾಡಿಗೆ ನೀರು ಬಂತು. ಇದನ್ನು ಅಲ್ಲಗಳೆಯುವವನು ಕೃತಘ್ನನು. ಆದರೂ ಒಂದು ಸಂಗತಿಯನ್ನು ಮುಚ್ಚಿಡಲಾರೆ. ಅದರಲ್ಲಿ ನನ್ನ ತಪ್ಪೂ ಇದೆ.

ಶ್ರೀಮಠದ ಪಡುವಣ ಹೊಲಕ್ಕೆ ನೀರು ಬಂದಾಗ, ಜೋಳವನ್ನು ಬಿಟ್ಟು ಕಬ್ಬು ಹಚ್ಚಬೇಕೆಂದು ಹೇಳಿದವರಲ್ಲಿ ನಾನೂ ಒಬ್ಬನು. ದಾಸೋಹದ ಖರ್ಚು ಏರಿತ್ತು. ಕಬ್ಬಿನ ಹಣ ಕಣ್ಣಿಗೆ ಕಂಡಿತು. ಆ ಹೊಲವನ್ನು ಮೂರು ತಲೆಯಿಂದ ಮಾಡುತ್ತ ಬಂದ ವೃದ್ಧ ಭಕ್ತರೊಬ್ಬರು ಮಾತ್ರ, “ಶಾಸ್ತ್ರಿಗಳs, ಈ ಯರಿಗೆ ನೀರ ಕುಡಿಯೂದು ಗೊತ್ತೈತ್ರಿ, ಬಿಡೂದು ಗೊತ್ತಿಲ್ರಿ,” ಎಂದರು. ನಾನು ನಕ್ಕೆ. ಮೊದಲ ವರ್ಷಗಳಲ್ಲಿ ಕಬ್ಬು ಆಳೆತ್ತರ ಬೆಳೆಯಿತು. ಆ ಮೇಲೆ ಹೊಲದ ತಗ್ಗಿನ ಮೂಲೆಯಲ್ಲಿ ಬೇಸಿಗೆಯಲ್ಲಿಯೂ ಹಸಿ ಆರದಾಯಿತು. ಮುಂದೆ ಬಿಳಿಯ ಹುಡಿ ಮೇಲೆದ್ದಿತು. ಕೊನೆಗೆ ಆ ಮೂಲೆಯಲ್ಲಿ ಜೋಳವೂ ಮೊಳೆಯಲಿಲ್ಲ. ನಮ್ಮವರು ಇದಕ್ಕೆ ಸವಳು-ಜವಳು ಎನ್ನುವರು. ಇಂಥ ಕರಲುಮಣ್ಣನ್ನು ಹಿಂದಿನವರು ಬಲ್ಲರು. ನೀರನ್ನು ಕೆಳಗೆ ಬಿಡದ ಅದನ್ನು ತಂದು ಮಾಳಿಗೆಯ ಮೇಲುಮುದ್ದೆಗೆ ಹಾಕುತ್ತಿದ್ದರು. ಮಾಳಿಗೆಯ ಮೇಲಿರತಕ್ಕ ಮಣ್ಣನ್ನು ನಾವು ಹೊಲದಲ್ಲಿ ಬೆಳೆಸಿದೆವು.

ಇದರ ಕಾರಣವು ಸುಣ್ಣದ ಹರಳಿನ ಲೆಕ್ಕದಲ್ಲಿಯೇ ಇತ್ತು. ಸಾವಿರಾರು ವರ್ಷ ನಮ್ಮ ಮಳೆಯು ಎಷ್ಟು ಆಳಕ್ಕೆ ಇಳಿದು ನಿಂತಿತ್ತೋ ಅಷ್ಟಕ್ಕೇ ಈ ನೆಲವು ಒಗ್ಗಿದೆ. ಅದಕ್ಕೂ ಕೆಳಗಿನ ಉಪ್ಪನ್ನು ಎಬ್ಬಿಸುವಷ್ಟು ನೀರನ್ನು ಅದು ಎಂದೂ ಕಂಡಿರಲಿಲ್ಲ. ನೀರು ಹರಿದು ಹೋಗಲು ದಾರಿ ಕೊಡದೆ ಬಿಟ್ಟರೆ ಮೇಲಿಂದ ಬಂದ ನೀರೂ ಕೆಳಗಿನ ನೀರೂ ಕೂಡಿ ಉಪ್ಪನ್ನು ಬೇರಿನ ಬಳಿಗೆ ತರುವವು. ಡೋಣಿಯು ಸವುಳಾಗಿ ಹರಿದು ತನ್ನ ದಂಡೆಯ ಎರೆಯನ್ನು ಕಾಯ್ದ ಬಗೆಯು ಆಗ ನನಗೆ ಹೊಳೆಯಿತು. ಕೃಷ್ಣಾ ಯೋಜನೆಯ ಅಚ್ಚುಕಟ್ಟಿನ ಇತರ ಕಡೆಗಳಲ್ಲಿಯೂ ಈ ರೋಗವು ಕಂಡಿದೆ. ಕಾಲುವೆಯ ನೀರಿಗೆ ಕಾಯುತ್ತಿರುವ ಇಂಡಿ-ಸಿಂದಗಿಗಳ ಭಕ್ತರಿಗೆ ನನ್ನ ವಿಜ್ಞಾಪನೆಯೇನೆಂದರೆ, ನೀರು ತರುವ ಗಾಲುವೆಗಿಂತ ಮೊದಲು ನೀರು ಒಯ್ಯುವ ಬಸಿಗಾಲುವೆಯನ್ನು ತೋಡಿರಿ. ಆಳವಾದ ಎರೆಗೆ ಕಬ್ಬು ಹಚ್ಚದೆ, ಜೋಳ-ಕಡಲೆಗಳಿಗೆ ಒಂದೆರಡು ಸಾರೆ ಮಾತ್ರ ನೀರು ಬಿಡಿರಿ.

ಶ್ರೀಮಠದ ಹೊಲದ ತಗ್ಗಿನ ಅಂಚಿಗೆ ಹಳ್ಳದ ವರೆಗೆ ಬಸಿಗಾಲುವೆಯನ್ನು ತೋಡಿಸಲಾಗಿದೆ. ಮೊದಲ ಮಳೆಗಾಲದಲ್ಲಿ ಅದರಲ್ಲಿ ಬಂದ ನೀರು ಬಾಯಿಗೆ ಹಾಕಲಾರದಷ್ಟು ಉಪ್ಪಾಗಿತ್ತು. ಈ ಸಾರೆ ತುಸು ಕಡಿಮೆ. ಮೂಲೆಯಲ್ಲಿ ಇನ್ನೂ ಬೆಳೆ ಬಂದಿಲ್ಲ, ಕರಕಿ ಮಾತ್ರ ಚಿಗುರಿದೆ. ನಕ್ಕುದಕ್ಕಾಗಿ ಆ ವೃದ್ಧ ಭಕ್ತರಲ್ಲಿ ಕ್ಷಮೆ ಬೇಡಿಕೊಂಡೆನು. ಈ ವರ್ಷದ ಎಳ್ಳಮಾವಾಸ್ಯೆಯಲ್ಲಿ ಅವರೇ ಆ ಹೊಲದಲ್ಲಿ ಚರಗ ಚೆಲ್ಲಿದರು. ಮಹೋತ್ಸವಕ್ಕೆ ಬರುವ ಭಕ್ತರು ಬಿಡುವಿದ್ದರೆ ಆ ಕಾಲುವೆಯನ್ನು ನೋಡಬಹುದು. ಕಡಿದ ಮಗ್ಗುಲಿನಲ್ಲಿ ಮೇಲೆ ಎರಡೂವರೆ ಮೊಳ ಎರೆ, ಅದರ ಕೆಳಗೆ ಒಂದು ಗೇಣು ಬಿಳಿಯ ಹರಳು, ಅದರ ಕೆಳಗೆ ಗರಸು, ಎಲ್ಲಕ್ಕೂ ತಳದಲ್ಲಿ ಕರಿಕಲ್ಲು ಸ್ಪಷ್ಟವಾಗಿ ಕಾಣುತ್ತವೆ. ಪಡುವಣ ಅಗಸಿಯಿಂದ ಹೊರಟು ಹಳೆಯ ಹಗೆಯ ದಿಬ್ಬವನ್ನು ದಾಟಿದರೆ ಎಡಕ್ಕೆ ಸಿಕ್ಕುವದು.